ಕಿತ್ತೂರಿನ ಎಕ್ಸ್‌ಚೇಂಜ್, ಗುಬ್ಬಿಯ ಕೆಂಪು ದೀಪ

ಗುಬ್ಬಿಯಲ್ಲಿ ಮಳೆಗಾಳಿ ಎದ್ದರೆ ಮೊದಲು ಕರೆಂಟು ಹೋಗುತ್ತದೆ, ಬೆನ್ನಿಗೇ ವೈಫೈ. ಕುಣಿಗಲ್‌ನಲ್ಲೂ, ತುಮಕೂರಿನ ಹೊಸ ಬಡಾವಣೆಗಳಲ್ಲೂ ಇದೇ ಪಾಡು. ಕರೆಂಟು ಮರಳಿದ ಮೇಲೂ ವೈಫೈ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ, ತೆಂಗಿನ ಗರಿ ಬಿದ್ದು ಫೈಬರ್ ಎಲ್ಲೋ ತುಂಡಾಗಿರಬಹುದು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಕಸ್ಟಮರ್ ಕೇರ್ ಸಲಹೆಯಿಂದ ಆಗ ಏನೂ ಆಗದು. ಬೆಳಕೇ ಪೆಟ್ಟಿಗೆಗೆ ತಲುಪುತ್ತಿಲ್ಲವಲ್ಲ!

ಹಳೆಯ ಲ್ಯಾಂಡ್‌ಲೈನ್‌ಗೆ ಮನೆಯ ಕರೆಂಟಿನ ಹಂಗೇ ಇರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ತಾಮ್ರದ ತಂತಿಯಲ್ಲೇ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಡಾಕ್ಟರಿಗೆ ಫೋನ್ ಮಾಡಬಹುದಿತ್ತು. ಆದರೆ ಆ ಫೋನು ಮನೆಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು, ಹಳ್ಳಿಯವರಿಗಂತೂ ಅದು ದೂರದ ಮಾತು.

ಆ ದೂರವನ್ನು ಕಡಿಮೆ ಮಾಡಿದ ಯಂತ್ರ ಮೊದಲು ನೆಲೆಯೂರಿದ್ದು ಕರ್ನಾಟಕದಲ್ಲೇ. 1984ರ ಆಗಸ್ಟ್‌ನಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಪ್ರೇರಕ ಶಕ್ತಿ, ಜಿ.ಬಿ. ಮೀಮಾಂಸಿ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ. 36 ತಿಂಗಳು, 36 ಕೋಟಿ ರೂಪಾಯಿ: ಇದು ಅವರಿಗೆ ಸಿಕ್ಕ ಗಡುವು ಮತ್ತು ಹಣ. ಆಗಿನ ವಿದೇಶಿ ತಂತ್ರಜ್ಞಾನದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಎ.ಸಿ. ಕೋಣೆ ಬೇಕಿತ್ತು. ಕರೆಂಟೇ ನೆಟ್ಟಗಿಲ್ಲದ ಹಳ್ಳಿಯಲ್ಲಿ ಎ.ಸಿ. ಎಲ್ಲಿಂದ ತರುವುದು? ನಮ್ಮ ಎಂಜಿನಿಯರುಗಳು ಆ ಪ್ರಶ್ನೆಯಿಂದಲೇ ಶುರುಮಾಡಿದರು. ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜು ಎಲ್ಲವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು, ಎ.ಸಿ. ಬೇಡದ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಕಟ್ಟಿದರು. 1986ರಲ್ಲಿ ಅದರ ಮೊದಲ ಯಂತ್ರ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ, ಕೆಲಸ ಆರಂಭಿಸಿತು. ಬಳಸುವವರ ಊರು ಹೇಗಿದೆಯೆಂದು ನೋಡಿ ಯಂತ್ರ ಮಾಡುವ ಈ ಬಗೆ ಇಷ್ಟು ಬೇಗ ಮರೆಯಾಯಿತಲ್ಲ ಎಂಬುದೇ ನೋವು.

ಮುಂದೆ ಹಳದಿ ಎಸ್‌ಟಿಡಿ ಬೂತುಗಳು ಬಂದವು, ಹೋದವು. 2005ರ ಜನವರಿಯಲ್ಲಿ ಅದೇ ತಾಮ್ರದ ತಂತಿಯ ಮೇಲೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅಂದಿನ ನೀತಿಯ ಪ್ರಕಾರ ಅದೇ ಬ್ರಾಡ್‌ಬ್ಯಾಂಡ್. ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಕುಸಿಯುತ್ತಿತ್ತು. ಫೋನು, ನೆಟ್ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಹಾಕದಿದ್ದರೆ ಫೋನ್ ರಿಂಗಾದಾಗ ನೆಟ್ ಕಡಿದುಹೋಗುತ್ತಿತ್ತು. ಅದೇ ತಿಂಗಳು 2.4 ಗಿಗಾಹರ್ಟ್ಸ್ ತರಂಗಗಳಿಗೆ ಪರವಾನಗಿ ಬೇಡವೆಂದು ಸರ್ಕಾರ ಘೋಷಿಸಿತು, ಮನೆಮನೆಯ ವೈಫೈಗೆ ದಾರಿಯಾಯಿತು.

ಆ ತರಂಗ ಗೋಡೆ ದಾಟಬಲ್ಲದು, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಜೊತೆ ಹೆಣಗಬೇಕು. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅದರಲ್ಲಿ ಮೂರೇ. 5 ಗಿಗಾಹರ್ಟ್ಸ್ ವೇಗವುಳ್ಳದ್ದಾದರೂ ಹಳೇ ಮನೆಯ ದಪ್ಪ ಗೋಡೆಯೆದುರು ಸೋಲುತ್ತದೆ. ರೌಟರನ್ನು ಟಿವಿಯ ಹಿಂದೆಯೋ ಬೀರುವಿನ ಮೇಲೆಯೋ ಬಿಟ್ಟು ಹೋಗುವವರು ಇದನ್ನು ಮನೆಯವರಿಗೆ ಹೇಳಬೇಕು. ಹೇಳುವವರು ಕಡಿಮೆ.

ಫೈಬರ್ ವೇಗ ತಂದಿದೆ, ಅನುಮಾನವಿಲ್ಲ. ಆದರೆ ಗಾಜಿನೆಳೆಯಲ್ಲಿ ಹರಿಯುವುದು ಬೆಳಕು ಮಾತ್ರ. ತಾಮ್ರದಂತೆ ಅದು ವಿದ್ಯುತ್ತು ಹೊತ್ತು ತರದು. ಹಾಗಾಗಿ ಬ್ಯಾಟರಿಯ ಹೊಣೆ ಸದ್ದಿಲ್ಲದೆ ಗ್ರಾಹಕರ ಹೆಗಲಿಗೆ ಬಿತ್ತು. ಬಹುಪಾಲು ರೌಟರುಗಳು 12 ವೋಲ್ಟಿನಲ್ಲಿ ನಡೆಯುವುದರಿಂದ ಚಿಕ್ಕದೊಂದು ಡಿ.ಸಿ. ಯುಪಿಎಸ್ ಸಾಕು. ಆಪರೇಟರ್ ಕೋಣೆಯಲ್ಲಿ ಬ್ಯಾಟರಿ ಇಲ್ಲದಿದ್ದರೆ ಅದೂ ವ್ಯರ್ಥ. ಕನೆಕ್ಷನ್ ಕೊಡಲು ಬಂದವರನ್ನು ಎಷ್ಟು ಎಂಬಿಪಿಎಸ್ ಎಂದು ಎಲ್ಲರೂ ಕೇಳುತ್ತಾರೆ. ಕರೆಂಟು ಹೋದರೆ ನಿಮ್ಮ ಕಡೆ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.