ಬಸ್ಕಿ ಹೊಡೆಯುವಾಗ ದುಡಿಯುವ ಸ್ನಾಯುಗಳೆಷ್ಟು?

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಲ್ಲಿ ಇಂದು ಜಿಮ್‌ಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿಗೆ ಹೋಗುವ ಅನೇಕರ ಗಮನವೆಲ್ಲ ಕನ್ನಡಿಯಲ್ಲಿ ಕಾಣುವ ಎದೆ, ರಟ್ಟೆಗಳ ಮೇಲೆಯೇ. ಬೆನ್ನು, ಪೃಷ್ಠ, ತೊಡೆಯ ಹಿಂಭಾಗಗಳು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಅವುಗಳಿಗೆ ವ್ಯಾಯಾಮವೂ ದಕ್ಕುವುದಿಲ್ಲ. ದೇಹಕ್ಕೆ ಈ ಪಂಕ್ತಿಭೇದ ಒಗ್ಗದು.

ಕಾರಣ ಸರಳ. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದಲೇ ಮೊಣಕೈ, ಮಂಡಿಯಂತಹ ಕೀಲುಗಳಲ್ಲಿ ಎದುರುಬದುರು ಕೆಲಸ ಮಾಡುವ ಸ್ನಾಯುಗಳಿವೆ. ಡಂಬೆಲ್ ಎತ್ತಲು ಮೊಣಕೈ ಮಡಚಿದಾಗ ರಟ್ಟೆಯ ಮುಂಭಾಗದ ಬೈಸೆಪ್ಸ್ ಸಂಕುಚಿಸುತ್ತದೆ. ಹಿಂಭಾಗದ ಟ್ರೈಸೆಪ್ಸ್ ಸಡಿಲಗೊಂಡು ಅನುವು ಮಾಡಿಕೊಡುತ್ತದೆ. ಅದೇ ವೇಳೆ ಮುಂದೋಳಿನ ಸ್ನಾಯುಗಳು ಮಣಿಕಟ್ಟನ್ನೂ ಹೆಗಲಿನ ಸ್ನಾಯುಗಳು ತೋಳನ್ನೂ ಸ್ಥಿರವಾಗಿ ಹಿಡಿದಿರುತ್ತವೆ. ಭಾರವನ್ನು ಮೆಲ್ಲನೆ ಇಳಿಸುವಾಗಲೂ ದುಡಿಯುವುದು ಬೈಸೆಪ್ಸ್ ಸ್ನಾಯುವೇ. ಆಗ ಅದು ಉದ್ದವಾಗುತ್ತಲೇ ಭಾರವನ್ನು ತಡೆಯುತ್ತಿರುತ್ತದೆ.

ಗರಡಿಮನೆಯ ಬಸ್ಕಿಯಲ್ಲಿ ಈ ಸಹಕಾರ ಇನ್ನೂ ಸ್ವಾರಸ್ಯಕರ. ಕುಳಿತು ಮೇಲೇಳುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮಂಡಿಯನ್ನೂ ಪೃಷ್ಠದ ಸ್ನಾಯುಗಳು ಸೊಂಟದ ಕೀಲನ್ನೂ ನೇರಗೊಳಿಸುತ್ತವೆ. ತೊಡೆಯ ಹಿಂಭಾಗದ ಸ್ನಾಯುಗಳಿಗೆ ಎರಡು ಕೆಲಸಗಳುಂಟು: ಮಂಡಿಯನ್ನು ಮಡಚುವುದು, ಸೊಂಟದ ಕೀಲನ್ನು ನೆಟ್ಟಗಾಗಿಸುವುದು. ಬಸ್ಕಿಯಲ್ಲಿ ಅವು ಎರಡನೆಯ ಕೆಲಸಕ್ಕಾಗಿ ಕೈಜೋಡಿಸುತ್ತವೆ. ಹೀಗೆ ಮಂಡಿಯಲ್ಲಿ ಪರಸ್ಪರ ಎದುರಾಳಿಗಳಾದ ಸ್ನಾಯುಗಳೇ ಒಟ್ಟಾಗಿ ನಮ್ಮನ್ನು ಮೇಲೆತ್ತುತ್ತವೆ. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಕಂಬ ಬಾಗದಂತೆ ಕಾಯುತ್ತವೆ.

ಇಡೀ ಮೈಯನ್ನು ಒಟ್ಟಾಗಿ ಪಳಗಿಸುವ ಈ ದೃಷ್ಟಿ ಬೆಂಗಳೂರಿಗೆ ಹೊಸದಲ್ಲ. ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಇದೇ ನಗರದಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದವರು. ಭಾರ ಎತ್ತುವ ವ್ಯಾಯಾಮದ ಜೊತೆಗೆ ಸೂರ್ಯನಮಸ್ಕಾರವನ್ನೂ ಪ್ರಚುರಪಡಿಸಿದ ಅವರು, 1930ರ ದಶಕದಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು.

ಹೊಸದಾಗಿ ವ್ಯಾಯಾಮ ಆರಂಭಿಸಿದವರಲ್ಲಿ ಮೊದಲ ಕೆಲವು ವಾರ ಶಕ್ತಿ ಹೆಚ್ಚುವುದು ಬಹುಪಾಲು ನರಗಳ ಹೊಂದಾಣಿಕೆಯಿಂದಲೇ. ಸ್ನಾಯು ದಪ್ಪವಾಗುವುದು ಆನಂತರ. ಆದ್ದರಿಂದ ತೂಕ ಏರಿಸುವ ಅವಸರಕ್ಕಿಂತ ಭಂಗಿ ತಿದ್ದಿಕೊಳ್ಳುವುದು ಮುಖ್ಯ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಎಲ್ಲ ಪ್ರಮುಖ ಸ್ನಾಯುಗಳಿಗೂ ಕೆಲಸ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಎದೆಗಾಗಿ ತಳ್ಳುವ ವ್ಯಾಯಾಮ ಮಾಡಿದವರು ಬೆನ್ನಿಗಾಗಿ ಎಳೆಯುವುದನ್ನೂ ಮಾಡಲಿ. ಮಂಡಿನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣುವುದು ಒಳಿತು.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಮುಪ್ಪಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಕುರ್ಚಿಯಿಂದ ಏಳುವುದೂ ಒಂದು ಬಸ್ಕಿಯೇ. ಅದಕ್ಕೆ ಬೇಕಾದುದು ಉಬ್ಬಿದ ರಟ್ಟೆಯಲ್ಲ, ಒಟ್ಟಾಗಿ ದುಡಿಯಬಲ್ಲ ತೊಡೆ, ಪೃಷ್ಠ ಮತ್ತು ಬೆನ್ನು.