ಒಂದನೇ ತರಗತಿಯ ಹಾಜರಿ ಮೂರೂವರೆ ವರ್ಷಕ್ಕೇ ನಿರ್ಧಾರ

ಬೀದರ ಜಿಲ್ಲೆಯ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗೆ ಮಕ್ಕಳು ಕಡಿಮೆಯಾದಾಗಲೆಲ್ಲ ಮೇಷ್ಟ್ರನ್ನೋ ಕಟ್ಟಡವನ್ನೋ ದೂರುತ್ತೇವೆ. ಮಗು ಯಾವ ಶಾಲೆಗೆ ಹೋಗಬೇಕು ಎಂಬುದು ಒಂದನೇ ತರಗತಿಗೂ ಎರಡು-ಮೂರು ವರ್ಷ ಮೊದಲೇ ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಆ ತೀರ್ಮಾನದ ಹಿಂದೆ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಅಂಗನವಾಡಿ ಅಂದರೆ ಊಟದ ಮನೆ, ಕಲಿಕೆಗೆ ಕಾನ್ವೆಂಟೇ ಬೇಕು.

"ಅಲ್ಲಿ ಬರೇ ಉಣ್ಲಾಕ ಹೋಗ್ತಾವ್ರಿ" ಎಂಬ ಮಾತು ನಮ್ಮಲ್ಲಿ ಮನೆಮನೆಗಳಲ್ಲಿ ಕೇಳುತ್ತದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಲೇ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದಾಗಿತ್ತು. ನಮ್ಮ ರಾಜ್ಯದ ಅಂಗನವಾಡಿಗಳಿಗೆ 'ಚಿಲಿಪಿಲಿ' ಎಂಬ ಚಟುವಟಿಕೆ ಪಠ್ಯವೂ ಇದೆ. ಟೀಚರ್ ಒಂದು ತಟ್ಟೆಯಲ್ಲಿ ತೊಗರಿ, ಹೆಸರು, ಸೋಯಾ ಕಾಳು ಬೆರೆಸಿ ಮುಂದಿಟ್ಟು, ಬೇರೆಬೇರೆ ಮಾಡು ಎಂದಾಗ ನಾಲ್ಕು ವರ್ಷದ ಹುಡುಗಿ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದೊಂದೇ ಕಾಳು ಎತ್ತುತ್ತಾಳೆ. ಮುಂದೆ ಪೆನ್ಸಿಲ್ ಹಿಡಿಯುವುದು ಅದೇ ಬೆರಳುಗಳಲ್ಲಿ. ಬಣ್ಣ, ಗಾತ್ರ, ಎಣಿಕೆ ಮೂರೂ ಆ ತಟ್ಟೆಯಲ್ಲಿವೆ. ಈ ವಯಸ್ಸಿನಲ್ಲಿ ಕಾಪಿಯ ತುಂಬ ಎಬಿಸಿಡಿ ಬರೆಸುವುದಕ್ಕಿಂತ ಇದು ಎಷ್ಟೋ ಮೇಲು. ಹಾಗೆಂದು ಎಲ್ಲ ಕೇಂದ್ರಗಳೂ ಸರಿಯಾಗಿವೆ ಎಂದಲ್ಲ. ಕಿರಿದಾದ ಕೋಣೆ ಮತ್ತು ಟೀಚರ್ ಮೇಲೆ ಬೀಳುವ ಸಮೀಕ್ಷೆ, ದಾಖಲೆಗಳ ಹೊರೆ ಪಾಠದ ಹೊತ್ತನ್ನು ತಿನ್ನುತ್ತಿವೆ. ಅದನ್ನು ಸರಿಪಡಿಸಲೇಬೇಕು.

ತಪ್ಪು ಕಲ್ಪನೆ: ಗಡಿಭಾಗದ ಮಕ್ಕಳು ಕಲಿಕೆಯಲ್ಲಿ ಮಂದ.

ಇದರಷ್ಟು ನೋವು ಕೊಡುವ ಮಾತು ಇನ್ನೊಂದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಗೆರೆ ಎಳೆದರೂ ಮನೆಮಾತುಗಳು ಬದಲಾಗಲಿಲ್ಲ. ಈ ಜಿಲ್ಲೆಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಇವೆ. ಔರಾದ ತಾಲ್ಲೂಕಿನ ಲಂಬಾಣಿ ತಾಂಡಾದ ಮಗು ಕಾಗೆಯ ಚಿತ್ರ ನೋಡಿ ತನ್ನ ಮಾತಿನಲ್ಲಿ ಕಥೆ ಶುರುಮಾಡಿದಾಗ, ಒಳ್ಳೆಯ ಟೀಚರ್ ತಡೆಯುವುದಿಲ್ಲ. ಪೂರ್ತಿ ಕೇಳಿ, ಅದೇ ಕಥೆಯನ್ನು ಕನ್ನಡದಲ್ಲಿ ತಿರುಗಿ ಹೇಳುತ್ತಾಳೆ. ಒಂದೆರಡು ವರ್ಷ ಹೀಗೆ ಕಲಿತ ಮಗು ಒಂದನೇ ತರಗತಿಯಲ್ಲಿ ಬಾಯಿ ಬಿಡುತ್ತದೆ. ಅದಿಲ್ಲದೆ ನೇರ ಬಂದ ಮಗು ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ, ನಾವು ಅದನ್ನು ಮಂದ ಅನ್ನುತ್ತೇವೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡಿದು. ಮಕ್ಕಳ ಮನೆಮಾತನ್ನು ಹೀಗಳೆದು ಇಲ್ಲಿ ಕನ್ನಡ ಬೆಳೆಸಲಾಗದು.

ತಪ್ಪು ಕಲ್ಪನೆ: ತಾಂಡಾದವರಿಗೆ ಓದು ಬೇಡ.

ಕೆಲಸ ಹುಡುಕಿ ಹೈದರಾಬಾದ್, ಪುಣೆ, ಮುಂಬಯಿಗೆ ಗುಳೆ ಹೋಗುವ ತಂದೆತಾಯಿ ಮಗುವನ್ನು ಕರೆದೊಯ್ಯದೆ ಏನು ಮಾಡಬೇಕು? ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮಗು ಇಲ್ಲ. 2021ರಲ್ಲಿ ಬಂದ ಅಂಗನವಾಡಿಗಳ ದಾಖಲೆಯ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿದೆ, ಇದನ್ನು ಹೊರಡುವ ಮುಂಚೆ ಅವರಿಗೆ ಹೇಳಬೇಕು. ತಾಂಡಾದ ಮಕ್ಕಳ ಓದಿನ ಜಾತಿವಾರು ಲೆಕ್ಕ ನೋಡುವಾಗಲೂ ಎಚ್ಚರ ಬೇಕು. ಒಂದೇ ಬಂಜಾರ (ಲಂಬಾಣಿ) ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿಯ ಆಚೀಚೆಯ ಅಂಕಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ತಪ್ಪು ಕಲ್ಪನೆ: ಶಾಲೆಯಲ್ಲಿ ಎಲ್‌ಕೆಜಿ ಬಂದರೆ ಅಂಗನವಾಡಿ ಬೇಡ.

2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನೆರವಿನಿಂದ ಈ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ಬರಿ ಸಂಬಳದ್ದಲ್ಲ. ನಾಲ್ಕು ವರ್ಷದ ಮಕ್ಕಳೆಲ್ಲ ಹೊರಟರೆ ಕೇಂದ್ರವೇ ಬಡವಾಗುತ್ತದೆ, ಗರ್ಭಿಣಿ-ಬಾಣಂತಿಯರ ಊಟ, ಕೂಸುಗಳ ಚುಚ್ಚುಮದ್ದು, ತೂಕ ನೋಡುವುದು ಎಲ್ಲ ನಡೆಯುವುದು ಅಲ್ಲೇ. ಆದರೆ ಶಾಲೆಯವರ ಮಾತಿನಲ್ಲೂ ಹುರುಳಿದೆ. ಹಳದಿ ವ್ಯಾನಿನಲ್ಲಿ ಖಾಸಗಿ ಎಲ್‌ಕೆಜಿಗೆ ಹೋದ ಮಗು ಒಂದನೇ ತರಗತಿಗೆ ಸರ್ಕಾರಿ ಶಾಲೆಗೆ ಮರಳುವುದು ಅಪರೂಪ. ಶುಲ್ಕ ಕಟ್ಟಲಾಗದವರ ಮಕ್ಕಳಷ್ಟೇ ಉಳಿದರೆ, ಊರಿನ ಶಾಲೆ ಊರಿನದಾಗಿ ಉಳಿಯುವುದಿಲ್ಲ. ಶಾಲೆಯ ಆವರಣದಲ್ಲೇ ಅಂಗನವಾಡಿ ಇಟ್ಟು, ಕಾರ್ಯಕರ್ತೆಗೆ ತರಬೇತಿ ಕೊಟ್ಟು, ಅಲ್ಲಿಂದಲೇ ಮಗು ಪಕ್ಕದ ಕೋಣೆಗೆ ಹೋಗುವಂತೆ ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪು ಕಲ್ಪನೆ: ಬೇಗ ಸೇರಿಸಿದರೆ ಬೇಗ ಕಲಿಯುತ್ತದೆ.

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಅವಸರ ಮಾಡಬೇಡಿ.

ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇದೆ. ಮಗುವಿಗೆ ಮೂರು ತುಂಬಿದ ತಂದೆತಾಯಂದಿರು ದಯವಿಟ್ಟು ಅದರ ಸಭೆಗೆ ಹೋಗಿ, ಇವತ್ತು ಏನು ಕಲಿಸಿದಿರಿ ಎಂದು ಕೇಳಿ.