ಕಾಂಕ್ರೀಟಿನ ಬೆಲೆಯೂ ಮನೆಯ ಅಂದಾಜು ಪಟ್ಟಿಯೂ

ನೋಯ್ಡಾ, ಫರೀದಾಬಾದ್ ಮುಂತಾದೆಡೆ ನಿವೇಶನ ಕೊಂಡು ಮನೆ ಕಟ್ಟಿಸಲು ಹೊರಡುವ ನಮ್ಮ ಬಾಂಧವರು ಸಾಲಕ್ಕಾಗಿ ಬ್ಯಾಂಕಿಗೆ ಬಂದಾಗ, ಅವರು ತರುವ ಅಂದಾಜು ಪಟ್ಟಿಯಲ್ಲಿ ಅನೇಕ ವೇಳೆ ಒಂದೇ ಅಂಕಿ ಇರುತ್ತದೆ: ಚದರಡಿಗೆ ಇಷ್ಟು ರೂಪಾಯಿ. ಸಾಲ ಮಂಜೂರಾಗುವುದು ಆ ಅಂಕಿಯ ಆಧಾರದಿಂದ. ಹಣ ಕೈಸೇರುವುದಾದರೋ ಕಟ್ಟಡ ಏರಿದಂತೆ ಕಂತುಕಂತಾಗಿ. ನಡುವೆ ಬೆಲೆ ಏರಿದರೆ ಮಂಜೂರಾದ ಮೊತ್ತ ತಾನಾಗಿ ಏರದು. ಕಂಬಿಗಳು ಆಕಾಶ ನೋಡುತ್ತ ನಿಂತಿರಲು, ಯಜಮಾನನು ಒಂದು ಕೈಯಿಂದ ಬಾಡಿಗೆಯನ್ನೂ ಇನ್ನೊಂದು ಕೈಯಿಂದ ಬಡ್ಡಿಯನ್ನೂ ತೆರಬೇಕಾಗುತ್ತದೆ.

ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ನಿಯಂತ್ರಣ ತೆಗೆದ ಮೇಲೆ ಬೆಲೆಯ ಜಾಡು ಹಿಡಿಯುವ ಹೊಣೆ ಕೊಳ್ಳುವವನದೇ ಆಯಿತು.

ಕಾಂಕ್ರೀಟು ಒಂದೇ ಸರಕಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಬೆರೆಸಿದ ಎಂ-20 ದರ್ಜೆಯ ಒಂದು ಘನಮೀಟರಿಗೆ ಸುಮಾರು 8 ಮೂಟೆ ಸಿಮೆಂಟು, 0.42 ಘನಮೀಟರು ಮರಳು, 0.84 ಘನಮೀಟರು ಜಲ್ಲಿ ಬೇಕು. ಸಾವಿರ ಚದರಡಿಯ, ಐದಂಗುಲ ದಪ್ಪದ ತಾರಸಿಗೆ ಹೆಚ್ಚುಕಡಿಮೆ 12 ಘನಮೀಟರು, ಅಂದರೆ 96 ಮೂಟೆ. ಮೂಟೆಗೆ 50 ರೂಪಾಯಿ ಏರಿದರೂ ಹೆಚ್ಚಳ 4,800 ರೂಪಾಯಿ ಮಾತ್ರ. ಅದೇ ತಾರಸಿಯೊಳಗಿನ ಉಕ್ಕನ್ನು ಘನಮೀಟರಿಗೆ 80 ಕಿಲೋ ಎಂದು ಹಿಡಿದರೆ, ಕಿಲೋಗೆ 10 ರೂಪಾಯಿ ಏರಿದಾಗ 9,600 ರೂಪಾಯಿ ಹೆಚ್ಚುತ್ತದೆ. ಜನ ಸಿಮೆಂಟಿನ ಬೆಲೆಗೆ ಬೆಚ್ಚುತ್ತಾರೆ. ಜೇಬಿಗೆ ಕತ್ತರಿ ಹಾಕುವುದು ಹಲವು ವೇಳೆ ಉಕ್ಕು. 2022ರ ಮೇ ತಿಂಗಳಲ್ಲಿ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿ ನವೆಂಬರಿನಲ್ಲಿ ತೆಗೆದುದು ಈ ಏರಿಳಿತದ ಕಥೆಯೇ.

ಮರಳು, ಜಲ್ಲಿಗಳ ಹಾದಿ ಬೇರೆ. ಮಳೆಗಾಲದಲ್ಲಿ ನದಿಪಾತ್ರದ ಗಣಿಗಾರಿಕೆಗೆ ನಿಷೇಧವಿದೆ. ಹರಿಯಾಣದ ಅರಾವಳಿ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲೂ 2009ರಲ್ಲೂ ತಡೆಹಿಡಿದ ಮೇಲೆ ಜಲ್ಲಿಗೆ ದೂರದ ಸಾಗಣೆಯೂ ಸೇರಿತು. ಡೀಸೆಲ್ ದರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇನ್ನು ಚಳಿಗಾಲ! ಗಾಳಿಯ ಮಾಲಿನ್ಯ ಮಿತಿಮೀರಿ ಮೂರನೆಯ ಹಂತದ ನಿರ್ಬಂಧ ಜಾರಿಯಾದರೆ ಸಿದ್ಧ ಕಾಂಕ್ರೀಟಿನ ಘಟಕಗಳೇ ನಿಲ್ಲುತ್ತವೆ. ಆ ವಾರಗಳ ಬಡ್ಡಿ ಯಾವ ದರಪಟ್ಟಿಯಲ್ಲಿಯೂ ಕಾಣದು.

ದರಪಟ್ಟಿಗಳು ಇಲ್ಲವೆಂದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದೆಹಲಿ ದರಪಟ್ಟಿ ಕೆಲವು ವರ್ಷಗಳಿಗೊಮ್ಮೆ ಪರಿಷ್ಕೃತವಾಗುತ್ತದೆ. ನಡುವಣ ಏರಿಳಿತಕ್ಕೆ ವೆಚ್ಚ ಸೂಚ್ಯಂಕವಿದೆ. ಸಗಟು ಬೆಲೆ ಸೂಚ್ಯಂಕವು ಸಿಮೆಂಟು, ಉಕ್ಕುಗಳನ್ನು ಬೇರೆಬೇರೆಯಾಗಿ ತಿಂಗಳು ತಿಂಗಳು ತೋರಿಸುತ್ತದೆ. ಇವು ದಿಕ್ಕನ್ನು ಹೇಳುತ್ತವೆಯೇ ಹೊರತು ನಿಮ್ಮ ಬೀದಿಯ ಅಂಗಡಿಯ ದರವನ್ನಲ್ಲ. ಆದುದರಿಂದ ತಿಂಗಳಿಗೊಮ್ಮೆ, ಒಂದೇ ತಾರೀಖಿನಂದು, ಇಬ್ಬರು ವ್ಯಾಪಾರಿಗಳಲ್ಲಿ ವಿಚಾರಿಸಿ ತೆರಿಗೆ, ಸಾಗಣೆಗಳನ್ನು ಪ್ರತ್ಯೇಕವಾಗಿ ಬರೆದಿಡುವುದು ಲೇಸು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 300 ರೂಪಾಯಿಯಿದ್ದ ಮೂಟೆ 384ರಿಂದ 354ಕ್ಕೆ ಬರಬೇಕು. ತೆರಿಗೆಯನ್ನು ಬೇರ್ಪಡಿಸದೆ ಬರೆದವರು ಈ 30 ರೂಪಾಯಿಯನ್ನು ಮಾರುಕಟ್ಟೆಯ ಇಳಿತವೆಂದೇ ತಿಳಿದಾರು.

ಗುತ್ತಿಗೆದಾರರೊಡನೆ ಒಪ್ಪಂದ ಬರೆಯುವ ದಿನ, ಅಂದಿನ ಸಿಮೆಂಟು ಹಾಗೂ ಉಕ್ಕಿನ ದರವನ್ನು ಮೂಲದರವೆಂದು ಕಾಗದದಲ್ಲಿ ನಮೂದಿಸಿರಿ. ವ್ಯತ್ಯಾಸವನ್ನು ಯಾರು ಭರಿಸಬೇಕೆಂಬುದೂ ಅದರ ಕೆಳಗೇ ಬರಲಿ. ಸರ್ಕಾರಿ ಗುತ್ತಿಗೆಗಳಲ್ಲಿ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ.